ಮೆಹಂದಿ ಪಾರ್ಟಿಗೆ ಮೊದಲು ಕೀಯ ವ್ಯವಸ್ಥೆ ಮಾಡಿ

ನನ್ನ ದೊಡ್ಡಮ್ಮನ ಮಗ ತೀರಿಕೊಂಡದ್ದು ಐಸ್ ತರಲು ಹೋಗಿ.

ಕಟಪಾಡಿ ಹತ್ತಿರದ ನಮ್ಮ ಮನೆಯಲ್ಲಿ ತಂಗಿಯ ಮೆಹಂದಿ. ಅಂಗಳದಲ್ಲಿ ಶಾಮಿಯಾನ, ಡಿಜೆ. ಹಿತ್ತಲಲ್ಲಿ ಗಂಡಸರ ಟೇಬಲ್. ರಾತ್ರಿ ಹತ್ತೂವರೆ ಹೊತ್ತಿಗೆ ಐಸ್ ಮುಗಿಯಿತು. "ಪೇಟೆ ಇಲ್ಲೇ ಅಲ್ವಾ, ಐದು ನಿಮಿಷ" ಎಂದು ಅಣ್ಣ ಎದ್ದ. ಅವನ ಬೈಕಿಗೆ ಅಡ್ಡವಾಗಿ ಎರಡು ಕಾರು ನಿಂತಿದ್ದವು. ನಾನು ನನ್ನ ಸ್ಕೂಟರಿನ ಕೀ ಕೊಟ್ಟೆ. ಅವನು ಮೂರು ಲಾರ್ಜ್ ಹಾಕಿದ್ದಾನೆ ಅಂತ ನನಗೆ ಗೊತ್ತಿತ್ತು. ಆದರೂ ಕೊಟ್ಟೆ.

ಒಳರಸ್ತೆಯ ತಿರುವಿನಲ್ಲಿ ಸ್ಕೂಟರ್ ಮೋರಿಯ ಕಟ್ಟೆಗೆ ಹೊಡೆದಿತ್ತು. ಬೇರೆ ಗಾಡಿ ಯಾವುದೂ ಇರಲಿಲ್ಲ. ಅವನ ಹೆಲ್ಮೆಟ್ ನಮ್ಮ ಅಂಗಳದ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆಯೇ ಇತ್ತು. ಅದರೊಳಗೆ ಒಂದು ಪಾರ್ಸೆಲ್. ಕಾಲುನೋವು ಎಂದು ಮನೆಯಲ್ಲೇ ಉಳಿದಿದ್ದ ದೊಡ್ಡಮ್ಮನಿಗೆ ಅಂತ ಕಟ್ಟಿಸಿಕೊಂಡಿದ್ದ ಕೋಳಿ ಸುಕ್ಕ. ಮರುದಿನ ಶಾಮಿಯಾನ ಬಿಚ್ಚಲು ಬಂದ ಹುಡುಗರು ಅದನ್ನು ಹಾಗೆಯೇ ಎತ್ತಿ ತಂದುಕೊಟ್ಟರು.

ಇದಾಗಿ ಹನ್ನೊಂದು ವರ್ಷ. ಆಮೇಲೆ ನಮ್ಮ ಕುಟುಂಬದಲ್ಲಿ ಎಷ್ಟೋ ಮೆಹಂದಿ, ಗೃಹಪ್ರವೇಶ, ಹುಟ್ಟುಹಬ್ಬ ಆಗಿವೆ. ಪ್ರತಿ ಸಲ ಒಂದೊಂದು ಕಲಿತು ಒಂದು ಕ್ರಮ ಮಾಡಿಕೊಂಡಿದ್ದೇವೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಮದ್ಯ ಇಡದೆ ಮೆಹಂದಿ ಮಾಡಬಹುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಮಂಗಳೂರು, ಉಡುಪಿ ಕಡೆ ಮೆಹಂದಿಯೋ ರೋಸೋ (ಕ್ರೈಸ್ತರ ಮದುವೆಯ ಮುಂಚಿನ ಶಾಸ್ತ್ರ) ಆದರೆ ಹಿತ್ತಲಲ್ಲಿ ಒಂದು ಟೇಬಲ್ ಬಿದ್ದೇ ಬೀಳುತ್ತದೆ. ಬೇಡ ಎಂದರೆ ಕಾರಿನ ಡಿಕ್ಕಿಯಲ್ಲಿ ಬರುತ್ತದೆ. ಹಾಗಾಗಿ ಟೇಬಲ್ ಬೀಳುತ್ತದೆ ಎಂದು ಒಪ್ಪಿಕೊಂಡೇ ತಯಾರಿ ಮಾಡಿ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತಿದ್ದಾರೆ. ಇದು ಸರ್ಕಾರದ್ದೇ ಲೆಕ್ಕ. ಇದರಲ್ಲಿ ಕುಡಿತದ ಕಾಲಂಗೆ ಬೀಳುವುದು ಸಣ್ಣ ಪಾಲು. ನನಗೆ ಆ ಪಾಲನ್ನು ನಂಬಲು ಆಗುವುದಿಲ್ಲ. ನನ್ನ ಅಣ್ಣನದ್ದು ಕಾಗದದಲ್ಲಿ "ಅತಿವೇಗ ಮತ್ತು ಅಜಾಗರೂಕತೆ" ಎಂದಾಗಿತ್ತು. ಹಿತ್ತಲಿನ ಟೇಬಲ್ ಬಗ್ಗೆ ಅಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಒಂದು ವಾರ ಮೊದಲು: ಯಾರು ಹೇಗೆ ಬರುತ್ತಾರೆ, ಹೇಗೆ ಹೋಗುತ್ತಾರೆ

ಅಡುಗೆಯವರಿಗೆ ತಲೆಲೆಕ್ಕ ಕೊಡುವಾಗಲೇ ಇನ್ನೊಂದು ಪಟ್ಟಿ ಮಾಡಿ. ಕುಡಿಯುವವರಲ್ಲಿ ಯಾರು ಎಲ್ಲಿಂದ ಬರುತ್ತಾರೆ, ಯಾವ ಗಾಡಿಯಲ್ಲಿ ಬರುತ್ತಾರೆ. ಸುಮ್ನೆ ಒಂದು ಹಾಳೆ ಸಾಕು. ಸುರತ್ಕಲ್ ಕಡೆಯವರು, ಬ್ರಹ್ಮಾವರ ಕಡೆಯವರು, ಶಿರ್ವ ಕಡೆಯವರು ಎಂದು ದಾರಿ ಹಿಡಿದು ಬರೆಯಿರಿ. ಹಾಗೆ ಬರೆದಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಒಂದೇ ದಾರಿಗೆ ಆರು ಬೈಕು, ಮೂರು ಕಾರು ಇರುತ್ತವೆ. ಒಂದು ಟೆಂಪೋ ಟ್ರಾವೆಲರ್ ಅಷ್ಟೂ ಜನರನ್ನು ಹೊರುತ್ತದೆ.

ಟ್ರಾವೆಲರ್‌ಗೆ ಖರ್ಚು ಜಾಸ್ತಿ ಎನ್ನುವವರು ಡಿಜೆಗೆ ಎಷ್ಟು ಕೊಡುತ್ತಿದ್ದೀರಿ ಎಂದು ಒಮ್ಮೆ ನೋಡಿ. ಟ್ರಾವೆಲರ್ ಆಗದಿದ್ದರೆ ನಿಮ್ಮ ಸ್ಟ್ಯಾಂಡಿನ ಇಬ್ಬರು ರಿಕ್ಷಾದವರ ಹತ್ತಿರ ಮೊದಲೇ ಮಾತಾಡಿಡಿ. ರಾತ್ರಿ ಬಾಡಿಗೆ ಎಂತ ಎಂದು ಆಗಲೇ ತೀರ್ಮಾನ ಆಗಲಿ. ಊಟ ನಿಮ್ಮಲ್ಲೇ ಮಾಡಲಿ, ಗಾಡಿ ಗೇಟಿನ ಹತ್ತಿರವೇ ನಿಲ್ಲಲಿ. ಕಣ್ಣೆದುರು ರಿಕ್ಷಾ ನಿಂತಿದ್ದರೆ ಜನ ಹತ್ತುತ್ತಾರೆ. ಫೋನ್ ಮಾಡಿ ಇಪ್ಪತ್ತು ನಿಮಿಷ ಕಾಯಬೇಕೆಂದರೆ ಸ್ವಂತ ಗಾಡಿಗೇ ಕೈ ಹಾಕುತ್ತಾರೆ. ಒಳರಸ್ತೆಗಳಲ್ಲಿ ರಾತ್ರಿ ಒಂಬತ್ತರ ಮೇಲೆ ಬಸ್ಸು ಸಿಗುವುದೇ ಕಷ್ಟ. ಅದನ್ನು ನಂಬಿ ಕೂರಬೇಡಿ.

ಪ್ರತಿ ಕಾರಿಗೂ ಕುಡಿಯದ ಒಬ್ಬ ಡ್ರೈವರ್ ಎಂದು ಮೊದಲೇ ಹೆಸರು ಬರೆಯಿರಿ. ಕುಡಿಯದ ಎಂದರೆ ಒಂದು ಗುಟುಕೂ ಇಲ್ಲ. "ಅವನು ಸ್ವಲ್ಪವೇ ಹಾಕುವುದು" ಎನ್ನುವವನು ಈ ಪಟ್ಟಿಗೆ ಬೇಡ. ನಮ್ಮಲ್ಲಿ ಹೆಂಗಸರು ಎಷ್ಟೋ ಜನ ಚೆನ್ನಾಗಿ ಕಾರು ಓಡಿಸುತ್ತಾರೆ. ಆದರೂ ರಾತ್ರಿ ಹೊರಡುವಾಗ ಸ್ಟಿಯರಿಂಗ್ ಗಂಡಸರ ಕೈಗೇ ಹೋಗುತ್ತದೆ, ಅವರು ಹೇಗಿದ್ದರೂ ಸರಿ. ಇದನ್ನು ಮೊದಲೇ ಮಾತಾಡಿ ಬದಲಿಸಿ. ಆ ಹೊತ್ತಿಗೆ ಹೇಳಿದರೆ ಜಗಳ ಆಗುತ್ತದೆ.

ಇನ್ನೊಂದು ತಪ್ಪನ್ನು ನಾನು ಎರಡು ಕಡೆ ಕಣ್ಣಾರೆ ನೋಡಿದ್ದೇನೆ. ದೊಡ್ಡವರೆಲ್ಲ ಕುಡಿದಿದ್ದಾರೆ, ಮನೆಯಲ್ಲಿ ಹತ್ತನೇ ಕ್ಲಾಸಿನ ಹುಡುಗ ಇದ್ದಾನೆ, ಅವನಿಗೆ ಓಡಿಸಲು ಬರುತ್ತದೆ. ಅವನ ಕೈಗೆ ಕೀ. ಇದನ್ನು ಯಾವತ್ತೂ ಮಾಡಬೇಡಿ. 18 ಆಗದವನು ಓಡಿಸಿ ಏನಾದರೂ ಆದರೆ ತಂದೆಗೋ ಗಾಡಿಯ ಮಾಲೀಕನಿಗೋ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಸಿಗುವುದಿಲ್ಲ. ಜೀವದ ಮಾತು ಇವೆಲ್ಲಕ್ಕಿಂತ ಮೊದಲು.

ಪಾರ್ಟಿಯ ದಿನ ಬೆಳಿಗ್ಗೆ: ಐಸ್

ಐಸ್, ಸೋಡಾ, ನೀರಿನ ಬಾಟಲಿ, ಸಿಗರೇಟು, ಬೆಂಕಿಪೊಟ್ಟಣ, ಪೇಪರ್ ಲೋಟ, ಡಿಜೆಯ ವಯರು. ಮಧ್ಯದಲ್ಲಿ ಮುಗಿಯಬಹುದಾದ ಎಲ್ಲವನ್ನೂ ಎರಡರಷ್ಟು ತಂದಿಡಿ. ಮೀನಿನವರು ಬಳಸುವ ದೊಡ್ಡ ಥರ್ಮಾಕೋಲ್ ಪೆಟ್ಟಿಯಲ್ಲಿ ಐಸ್ ತುಂಬಿ ಗೋಣಿ ಮುಚ್ಚಿದರೆ ರಾತ್ರಿಯವರೆಗೂ ನಿಲ್ಲುತ್ತದೆ.

ಮನೆಗೆ ಹೋಗುವ ದಾರಿಯ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ನಡುವೆ "ಈಗ ಬಂದೆ" ಎಂದು ಹೋಗುವ ದಾರಿಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಹತ್ತಿರ ಎಂದು ಹೆಲ್ಮೆಟ್ ಹಾಕುವುದಿಲ್ಲ. ಗೊತ್ತಿರುವ ರಸ್ತೆ ಎಂದು ನಿಧಾನ ಮಾಡುವುದಿಲ್ಲ. ನಮ್ಮ ಒಳರಸ್ತೆಗಳೋ, ಒಂದು ಕಡೆ ಕಡಿದ ಕೆಂಪು ಕಲ್ಲಿನ ಗೋಡೆ, ಇನ್ನೊಂದು ಕಡೆ ತೋಡು. ದೀಪ ಇರುವುದಿಲ್ಲ, ತಿರುವಿನಲ್ಲಿ ದನ ಮಲಗಿರುತ್ತದೆ. ಹೈವೇ ಬದಿಯ ಮನೆಯಾದರೆ ಯು ಟರ್ನ್ ದೂರ ಎಂದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ರಾಂಗ್ ಸೈಡಿನಲ್ಲಿ ಹೋಗುತ್ತಾರೆ. ಏನಾದರೂ ಮುಗಿದರೆ ಮುಗಿಯಿತು, ಅಷ್ಟೇ. ತರಲೇಬೇಕು ಎಂದರೆ ಕುಡಿಯದವರು ಹೋಗಲಿ.

ಮದ್ಯದ ಅಂಗಡಿ ರಸ್ತೆಯಿಂದ ದೂರ ಇರಲಿ ಎಂದು ಕೋರ್ಟೇ ಹೇಳಿದ್ದಿದೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಅಂಗಡಿ ಬೇಡ ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಆದೇಶ ಮಾಡಿತ್ತು. ಆಮೇಲೆ ಪಟ್ಟಣ ವ್ಯಾಪ್ತಿಗೆ ವಿನಾಯಿತಿ ಬಂತು. ಹಿತ್ತಲಿನ ಟೇಬಲ್‌ಗೆ ಮಾತ್ರ ನಾವೇ ಗಡಿ ಹಾಕಿಕೊಳ್ಳಬೇಕು. ಇನ್ನು ಹಾಲ್‌ನಲ್ಲಿ ಪಾರ್ಟಿ ಮಾಡಿ ಮದ್ಯ ಕೊಡುವುದಾದರೆ ಅಬಕಾರಿ ಇಲಾಖೆಯ ಪರವಾನಗಿ ಬೇಕು. ಅದನ್ನು ಮರೆಯಬೇಡಿ.

ಒಂದು ಸ್ಮಾಲ್ ಎಂದರೆ ಎಷ್ಟು

ಈ ಲೆಕ್ಕ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. 30 ಎಂಎಲ್ ವಿಸ್ಕಿಯೋ ಬ್ರಾಂಡಿಯೋ ರಮ್ಮೋ, ಅದರಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಕ್ವಾರ್ಟರ್ ಎಂದರೆ 180 ಎಂಎಲ್, ಅಲ್ಲಿಗೆ ಆರು ಸ್ಮಾಲ್. ಇನ್ನು ಬಿಯರ್. "ನಾನು ಬರೀ ಬಿಯರ್" ಎನ್ನುವವರು ಜಾಸ್ತಿ ಮೋಸ ಹೋಗುವುದು ಇಲ್ಲೇ. 650 ಎಂಎಲ್ ಬಾಟಲಿಯ 8 ಶೇಕಡಾ ಸ್ಟ್ರಾಂಗ್ ಬಿಯರಿನಲ್ಲಿ ನಾಲ್ಕು ಸ್ಮಾಲ್‌ನಷ್ಟು ಇದೆ. ಮೈಲ್ಡ್ ಆದರೂ ಎರಡೂವರೆ ಸ್ಮಾಲ್. ಕಳ್ಳು ತಂಪು, ಅದರಿಂದ ಎಂತದೂ ಆಗುವುದಿಲ್ಲ ಎನ್ನುತ್ತಾರೆ. ಹುಳಿ ಬಂದ ಕಳ್ಳಿನಲ್ಲೂ ಇರುವುದು ಅದೇ ಆಲ್ಕೋಹಾಲ್.

ಕಾನೂನಿನ ಮಿತಿ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ. ಸುಮಾರು 70 ಕೆಜಿ ತೂಕದ ಗಂಡಸು ಎರಡು ಸ್ಮಾಲ್ ಬೇಗ ಬೇಗ ಕುಡಿದರೆ ಈ ಗೆರೆ ದಾಟಬಹುದು. ತೂಕ ಕಡಿಮೆ ಇರುವ ಹೆಂಗಸಿಗೆ ಒಂದೇ ಸ್ಮಾಲ್ ಸಾಕಾಗಬಹುದು. ಗೆರೆಯ ಒಳಗಿದ್ದರೆ ಪರವಾಗಿಲ್ಲ ಎಂದೂ ತಿಳಿಯಬೇಡಿ. ಕಣ್ಣು, ಕೈ, ತೀರ್ಮಾನ ಮೂರೂ ಮೊದಲ ಪೆಗ್‌ನಿಂದಲೇ ಸಡಿಲ ಆಗುತ್ತವೆ. ನನ್ನ ಅಣ್ಣ ತೂರಾಡುತ್ತಿರಲಿಲ್ಲ. ನೆಟ್ಟಗೆ ನಡೆದು ಹೋದ, ಗೇಟನ್ನೂ ಹಾಕಿ ಹೋದ.

ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲ 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ, ಇಲ್ಲವೇ ಎರಡೂ. ದಂಡದ ಹೆದರಿಕೆಯಿಂದಾದರೂ ಕೆಲವರು ಕೀ ಕೊಡುತ್ತಾರೆ. ಕೊಡಲಿ, ಯಾವ ಕಾರಣಕ್ಕಾದರೂ ಆಗಲಿ.

ಕೀ ಡಬ್ಬಿ

ಇದು ನಮ್ಮ ಕ್ರಮದ ಬೆನ್ನೆಲುಬು. ಅಡುಗೆಮನೆಯ ಒಂದು ಸ್ಟೀಲ್ ಡಬ್ಬಿ, ಒಂದು ಸುರುಳಿ ಬಿಳಿ ಟೇಪು, ಒಂದು ಪೆನ್ನು. ಹಿತ್ತಲಿಗೆ ಹೋಗುವ ಬಾಗಿಲಲ್ಲಿ ಕುರ್ಚಿ ಹಾಕಿ ಒಬ್ಬರು ಕೂರುತ್ತಾರೆ. ಮೊದಲ ಲೋಟಕ್ಕೆ ಮೊದಲು ಕೀ ಡಬ್ಬಿಗೆ. ಟೇಪಿನಲ್ಲಿ ಹೆಸರು ಬರೆದು ಕೀಗೆ ಅಂಟಿಸುವುದು. ಕಾರು, ಬೈಕು, ಸ್ಕೂಟರ್, ಯಾವುದೂ ಬಿಡುವಂತಿಲ್ಲ. ಕುಡಿಯದವರೂ ಕೀ ಇಡಲಿ. ಏಕೆಂದರೆ ಅವರ ಕೀಯೇ ಬೇರೆಯವರ ಕೈಗೆ ಹೋಗುವುದು. ನನ್ನದು ಹೋದ ಹಾಗೆ.

ಸಮಯ ಬಹಳ ಮುಖ್ಯ. ಕುಡಿಯುವ ಮೊದಲು ಕೇಳಿದರೆ ನೂರರಲ್ಲಿ ತೊಂಬತ್ತು ಜನ ನಕ್ಕು ಕೊಡುತ್ತಾರೆ. ಮೂರು ಪೆಗ್ ಆದ ಮೇಲೆ ಕೇಳಿದರೆ ಅದು ಮರ್ಯಾದೆಯ ಪ್ರಶ್ನೆ ಆಗುತ್ತದೆ.

ಡಬ್ಬಿ ಹಿಡಿದು ಕೂರುವವರು ಯಾರು ಎನ್ನುವುದೂ ಮುಖ್ಯ. ಮೊದಲ ಸಲ ನಾವು ಒಬ್ಬ ಹುಡುಗನನ್ನು ಕೂರಿಸಿದೆವು. ಹನ್ನೊಂದು ಗಂಟೆಗೆ ಮಾವ ಒಬ್ಬರು ಗದರಿಸಿದ ಕೂಡಲೇ ಅವನು ಕೊಟ್ಟುಬಿಟ್ಟ. ಪುಣ್ಯಕ್ಕೆ ಏನೂ ಆಗಲಿಲ್ಲ. ಮುಂದಿನ ಸಲ ದೊಡ್ಡಮ್ಮ ತಾವೇ ಬಂದು ಕುಳಿತರು. ಯಾರೂ ಕೇಳಿರಲಿಲ್ಲ. ಕಾಲಿಗೆ ಎಣ್ಣೆ ಹಚ್ಚಿಕೊಂಡು, ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಕುಳಿತರು. ಅವರ ಹತ್ತಿರ ಕೀ ವಾಪಸ್ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ನಿಮ್ಮ ಮನೆಯಲ್ಲೂ ಎಲ್ಲರೂ ಮಾತು ಕೇಳುವ ಒಬ್ಬ ಅಜ್ಜಿಯೋ ಅತ್ತೆಯೋ ಮೇಷ್ಟ್ರೋ ಇರುತ್ತಾರೆ. ಅವರನ್ನೇ ಕೂರಿಸಿ.

ಊಟ ಎಂಟೂವರೆಗೇ ಬಡಿಸಿ. ಖಾಲಿ ಹೊಟ್ಟೆಯಲ್ಲಿ ಆಲ್ಕೋಹಾಲ್ ಬೇಗ ರಕ್ತಕ್ಕೆ ಹೋಗುತ್ತದೆ. ಕಬಾಬಿನ ಎರಡು ತುಂಡನ್ನು ಊಟ ಎನ್ನಬೇಡಿ. ಅನ್ನವೋ ನೀರುದೋಸೆಯೋ ಹೊಟ್ಟೆಗೆ ಬೀಳಲಿ. ಧ್ವನಿವರ್ಧಕ ಹೇಗೂ ರಾತ್ರಿ 10ಕ್ಕೆ ನಿಲ್ಲಬೇಕು, ಅದು ನಿಯಮ. ಡಿಜೆ ನಿಂತ ಹೊತ್ತಿಗೇ ಟೇಬಲ್ಲೂ ಎತ್ತಿ. ಉಳಿದ ಬಾಟಲಿ ಕಪಾಟಿಗೆ ಹೋಗಲಿ.

ಡಬ್ಬಿಗೆ ಬೀಳದ ಕೀ ಒಂದೆರಡು ಇದ್ದೇ ಇರುತ್ತವೆ

ತಡವಾಗಿ ಬಂದವರು, ಜೇಬಿನಲ್ಲೇ ಉಳಿಸಿಕೊಂಡವರು. ಅವರು ಎದ್ದು ಹೊರಟಾಗ ಎಲ್ಲರ ಎದುರು ತಡೆಯಬೇಡಿ. "ನೀವು ಟೈಟ್ ಆಗಿದ್ದೀರಿ" ಎಂದರೆ ಮುಗಿಯಿತು. ಟೈಟ್ ಆಗಿಲ್ಲ ಎಂದು ತೋರಿಸಲಿಕ್ಕಾದರೂ ಗಾಡಿ ಸ್ಟಾರ್ಟ್ ಮಾಡುತ್ತಾರೆ. ಅವರಿಗೆ ಬೇಕಾದ ಒಬ್ಬರು ಬದಿಗೆ ಕರೆದುಕೊಂಡು ಹೋಗಿ ಮಾತಾಡಲಿ.

"ಭಾವ, ಈಗ ಹೊರಡುವುದು ಬೇಡ. ಅತ್ತೆ ಚಾವಡಿಯಲ್ಲಿ ಹಾಸಿಗೆ ಹಾಕಿದ್ದಾರೆ."

"ಎಂತ ಮಾರಾಯ, ನಾನು ಎಷ್ಟು ಸಲ ಹೋಗಿಲ್ಲ? ಕಣ್ಣು ಮುಚ್ಚಿದರೂ ಗಾಡಿ ಮನೆಗೆ ಹೋಗ್ತದೆ."

"ಅಕ್ಕನಿಗೆ ನಾನು ಆಗಲೇ ಫೋನ್ ಮಾಡಿದ್ದೇನೆ. ನೀವು ಇಲ್ಲೇ ಉಳಿಯುತ್ತೀರಿ ಅಂತ ಹೇಳಿ ಆಗಿದೆ. ಬೆಳಿಗ್ಗೆ ಹೂ ತರಲಿಕ್ಕೆ ನೀವೇ ಬೇಕು."

ಈ ಮಾತಿನಲ್ಲಿ ಮೂರು ಕೆಲಸ ಆಗಿದೆ. ಮಲಗಲು ಜಾಗ ಉಂಟು. ಮನೆಗೆ ಸುದ್ದಿ ಹೋಗಿದೆ. ಬೆಳಿಗ್ಗೆ ಒಂದು ಜವಾಬ್ದಾರಿ ಇದೆ. ಕುಡಿತದ ಮಾತೇ ಬರಲಿಲ್ಲ. ಹಾಸಿಗೆ ನಿಜವಾಗಿ ಹಾಕಿರಬೇಕು ಮತ್ತೆ. ಎಂಟು ಹತ್ತು ಚಾಪೆ, ಹೊದಿಕೆ ಮೊದಲೇ ತೆಗೆದಿಡಿ.

ಇಷ್ಟು ಹೇಳಿಯೂ ಒಪ್ಪದಿದ್ದರೆ ಅವರ ಗಾಡಿಗೆ ಅಡ್ಡ ನಿಮ್ಮ ಕಾರು ನಿಲ್ಲಿಸಿ. ಸಿಟ್ಟು ಮಾಡಿಕೊಳ್ಳಲಿ. ಅದಕ್ಕೂ ಬಗ್ಗದೆ ರಸ್ತೆಗೆ ಇಳಿದರೆ 112ಕ್ಕೆ ಫೋನ್ ಮಾಡಿ ಗಾಡಿ ನಂಬರ್, ಹೋದ ದಿಕ್ಕು ಹೇಳಿ. ಸಂಬಂಧಿಕರ ಮೇಲೆ ಪೊಲೀಸರಿಗೆ ಹೇಳುವುದಾ ಎನ್ನಿಸುತ್ತದೆ. ಎದುರಿಂದ ಬರುವ ಗಾಡಿಯಲ್ಲಿ ಇನ್ಯಾರದ್ದೋ ಮಕ್ಕಳು ಇರುತ್ತಾರೆ. ಹಾಗೆಯೇ, ಕುಡಿದವರ ಹಿಂದೆ ನೀವು ಕೂರಬೇಡಿ. "ಜೊತೆಗೆ ನಾನಿದ್ದೇನೆ, ಜಾಗ್ರತೆ ಹೇಳುತ್ತೇನೆ" ಎಂದು ಹತ್ತುವವರು ಬಹಳ. ಹಿಂದೆ ಕೂತು ಬ್ರೇಕ್ ಹಿಡಿಯಲು ಆಗುವುದಿಲ್ಲ.

ಉಳಿದವರನ್ನು ಮಲಗಿಸುವುದು

ಜಾಸ್ತಿ ಆದವರನ್ನು ಅಂಗಾತ ಮಲಗಿಸಬೇಡಿ. ವಾಂತಿ ಗಂಟಲಿಗೆ ಸಿಕ್ಕಿ ಉಸಿರುಕಟ್ಟಿ ಸಾಯುವುದು ಉಂಟು. ಒಂದು ಮಗ್ಗುಲಿಗೆ ತಿರುಗಿಸಿ, ಮೇಲಿನ ಮೊಣಕಾಲು ಮಡಚಿ ಮುಂದಕ್ಕೆ ಇಡಿ. ಮೇಲಿನ ಕೈಯನ್ನು ಕೆನ್ನೆಯ ಕೆಳಗೆ ಇಡಿ. ಬಾಯಿ ಸ್ವಲ್ಪ ನೆಲದ ಕಡೆ ಇರಲಿ. ಬೆನ್ನಿಗೆ ಒಂದು ದಿಂಬು ಒತ್ತಿದರೆ ಮತ್ತೆ ಅಂಗಾತ ಆಗುವುದಿಲ್ಲ. ಒಬ್ಬರು ಎಚ್ಚರ ಇದ್ದು ಆಗಾಗ ನೋಡಬೇಕು.

ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಇದ್ದರೆ, ತುಟಿ ನೀಲಿಯಾಗಿ ಮೈ ತಣ್ಣಗಾದರೆ, ಫಿಟ್ಸ್ ಬಂದರೆ, ಕೂಡಲೇ 108. ನಿದ್ದೆ ಮಾಡಿದರೆ ಸರಿ ಹೋಗುತ್ತದೆ ಎಂದು ಕಾಯಬೇಡಿ. ಕುಡಿದದ್ದು ಹೊಟ್ಟೆಯಲ್ಲಿ ಇರುವವರೆಗೂ ರಕ್ತಕ್ಕೆ ಏರುತ್ತಲೇ ಇರುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ತಲೆಗೆ ಕೊಡಪಾನದಲ್ಲಿ ತಣ್ಣೀರು ಹೊಯ್ಯುವುದು, ಎಚ್ಚರ ಇಲ್ಲದವರ ಬಾಯಿಗೆ ಮಜ್ಜಿಗೆ ಹಾಕುವುದು, ಯಾವುದೂ ಬೇಡ.

ಬಾವಿಯ ಕಡೆಗೂ ಗಮನ ಇರಲಿ. ಕಟ್ಟೆ ತಗ್ಗಿದ್ದರೆ ಆ ಕಡೆ ದೀಪ ಹಾಕಿ, ಅಡ್ಡಕ್ಕೆ ಬೆಂಚು ಇಡಿ. ರಾತ್ರಿ ಸಮುದ್ರಕ್ಕೆ ಹೋಗೋಣ ಎಂಬ ಮಾತು ಯುವಕರ ಗುಂಪಿನಲ್ಲಿ ಬಂದೇ ಬರುತ್ತದೆ. ಮಲ್ಪೆ ಆಗಲಿ, ಕಾಪು ಆಗಲಿ, ಪಣಂಬೂರು ಆಗಲಿ, ಕುಡಿದು ನೀರಿಗೆ ಇಳಿಯುವ ಹಾಗಿಲ್ಲ ಎಂದು ಖಡಾಖಂಡಿತ ಹೇಳಿ. ಈಜು ಬಲ್ಲವನಿಗೂ ಕುಡಿದಾಗ ದಣಿವು ಗೊತ್ತಾಗುವುದಿಲ್ಲ.

ಅಪಘಾತ ಆಗಿಯೇ ಹೋದರೆ

108ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೂ ಮಾಡಬಹುದು. ಜಾಗವನ್ನು ಗುರುತಿನೊಂದಿಗೆ ಹೇಳಿ. "ಕಟಪಾಡಿ ಹತ್ತಿರ" ಎಂದರೆ ಸಾಲದು. ಉಡುಪಿ ಕಡೆ ಹೋಗುವ ಬದಿಯೋ ಮಂಗಳೂರು ಕಡೆ ಹೋಗುವ ಬದಿಯೋ, ಹತ್ತಿರ ಯಾವ ಪೆಟ್ರೋಲ್ ಬಂಕ್, ಯಾವ ಶಾಲೆ, ಯಾವ ದೈವಸ್ಥಾನ ಎಂದು ಹೇಳಿ. ನಾಲ್ಕು ಪಥದ ರಸ್ತೆಯಲ್ಲಿ ಬದಿ ತಪ್ಪಿದರೆ ಆಂಬುಲೆನ್ಸ್ ಯು ಟರ್ನ್ ಹುಡುಕುತ್ತಾ ಮುಂದೆ ಹೋಗಬೇಕಾಗುತ್ತದೆ.

ರಕ್ತ ಹರಿಯುತ್ತಿದ್ದರೆ ಶುದ್ಧ ಬೈರಾಸು (ಟವೆಲ್) ಮಡಚಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನೋಡಲಿಕ್ಕೆಂದು ಮತ್ತೆ ಮತ್ತೆ ತೆಗೆಯಬೇಡಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಎಳೆಯಬೇಡಿ. ಕುತ್ತಿಗೆ, ಬೆನ್ನು ಮಡಚಿ ರಿಕ್ಷಾದೊಳಗೆ ತುರುಕುವುದಕ್ಕಿಂತ ಆಂಬುಲೆನ್ಸ್‌ಗೆ ಕಾಯುವುದು ಒಳ್ಳೆಯದು. ಗಾಡಿಗೆ ಬೆಂಕಿಯ ಭಯ ಇದ್ದರೆ ಮಾತು ಬೇರೆ. ಕುಡಿಯಲು ನೀರು ಕೊಡಬೇಡಿ.

ಈಗ ಹೇಳುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಅವರು ಕುಡಿದಿದ್ದಾರೆ ಎಂದು ಡಾಕ್ಟರಿಗೆ ಹೇಳಿ. ಎಷ್ಟು, ಯಾವಾಗ ಎಂದೂ ಹೇಳಿ. ಕೇಸು ಆಗುತ್ತದೆ ಎಂದು ಮನೆಯವರು ಮುಚ್ಚಿಡುತ್ತಾರೆ. ಮುಚ್ಚಿಟ್ಟರೆ ಅರಿವಳಿಕೆ, ಔಷಧಿ ಎಲ್ಲದರಲ್ಲೂ ಅಪಾಯ. ಇದರ ಇನ್ನೊಂದು ಮುಖವೂ ಇದೆ. ತಲೆಗೆ ಪೆಟ್ಟು ಬಿದ್ದವನು ತೊದಲುತ್ತಾನೆ, ವಾಂತಿ ಮಾಡುತ್ತಾನೆ, ಮಂಪರಿನಲ್ಲಿ ಇರುತ್ತಾನೆ. ಕುಡಿದವನೂ ಹಾಗೆಯೇ. ನೋಡಿದವರು "ಕುಡಿದಿದ್ದಾನೆ, ಮಲಗಲಿ" ಎಂದು ಬಿಟ್ಟರೆ ಒಳಗೆ ರಕ್ತ ಹೆಪ್ಪುಗಟ್ಟಿ ಬೆಳಗಾಗುವುದರೊಳಗೆ ಜೀವ ಹೋಗಿರುತ್ತದೆ. ಕುಡಿದವನು ಬಿದ್ದರೆ ತಲೆಗೆ ಪೆಟ್ಟಾಗಿದೆ ಎಂದೇ ತಿಳಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎದ್ದು ಕೂತು "ಎಂತ ಆಗಲಿಲ್ಲ" ಎಂದರೂ ಸರಿ. ತಲೆಯ ಸ್ಕ್ಯಾನ್ ಬೇಕಾ ಎಂದು ನೀವೇ ಬಾಯಿಬಿಟ್ಟು ಕೇಳಿ.

ಯಾವ ಆಸ್ಪತ್ರೆ? ಮಂಗಳೂರಿನಲ್ಲಿ ವೆನ್‌ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಣಿಪಾಲದಲ್ಲಿ ಕಸ್ತೂರ್ಬಾ. ತಲೆ ಪೆಟ್ಟಿಗೆ ಸೌಲಭ್ಯ ಎಲ್ಲಿದೆ, ಹತ್ತಿರ ಯಾವುದು ಎಂದು 108ರವರಿಗೆ ಗೊತ್ತಿರುತ್ತದೆ. ಅವರ ಮಾತು ಕೇಳಿ. ಹಣ ಇಲ್ಲ ಎಂದು ತಡ ಮಾಡಬೇಡಿ. ರಸ್ತೆ ಅಪಘಾತದ ಗಾಯಾಳುಗಳಿಗೆ 1.5 ಲಕ್ಷ ರೂಪಾಯಿವರೆಗೆ, ಅಪಘಾತದ ದಿನದಿಂದ 7 ದಿನದವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರಲ್ಲಿ ಬಂದಿದೆ. ಆಸ್ಪತ್ರೆಯ ಕೌಂಟರಿನಲ್ಲಿ ಅದನ್ನು ಕೇಳಿ.

ರಸ್ತೆಯಲ್ಲಿ ಯಾರೋ ಗುರುತಿಲ್ಲದವರು ಬಿದ್ದಿದ್ದರೂ ನಿಲ್ಲಿ. ನನ್ನ ಅಣ್ಣ ಬಿದ್ದು ಎಷ್ಟೋ ಹೊತ್ತಿನ ಮೇಲೆ ನಮಗೆ ಗೊತ್ತಾಯಿತು. ನಡುವೆ ಆ ರಸ್ತೆಯಲ್ಲಿ ಗಾಡಿಗಳು ಹೋಗಿದ್ದವು. ಪೊಲೀಸ್, ಕೋರ್ಟು ಎಂದು ಹೆದರಿ ಜನ ನಿಲ್ಲುವುದಿಲ್ಲ. ಆ ಹೆದರಿಕೆಗೆ ಈಗ ಕಾರಣ ಇಲ್ಲ. ಸಹಾಯ ಮಾಡಿದವರನ್ನು ಪೀಡಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2016ರ ಮಾರ್ಚಿನಲ್ಲೇ ಹೇಳಿದೆ. 2019ರ ತಿದ್ದುಪಡಿಯಲ್ಲಿ ಅದು ಕಾಯ್ದೆಯ ಒಳಗೇ ಸೇರಿದೆ, ಸೆಕ್ಷನ್ 134ಎ. ನೀವು ಹೆಸರು ಹೇಳಲೇಬೇಕೆಂದಿಲ್ಲ. ಸಾಕ್ಷಿ ಆಗಲೇಬೇಕೆಂದು ಒತ್ತಾಯ ಮಾಡುವ ಹಾಗಿಲ್ಲ. ಆಸ್ಪತ್ರೆಯವರು ನಿಮ್ಮಿಂದ ದುಡ್ಡು ಕೇಳುವ ಹಾಗಿಲ್ಲ.

ಕಾಗದದ ಕೆಲಸ

ಇದನ್ನು ಯಾರೂ ಓದಲು ಇಷ್ಟಪಡುವುದಿಲ್ಲ, ಆದರೆ ಗೊತ್ತಿರಲಿ. ಎಫ್‌ಐಆರ್ ಪ್ರತಿ ತೆಗೆದಿಟ್ಟುಕೊಳ್ಳಿ. ಡ್ರೈವರ್ ಕುಡಿದಿದ್ದ ಎಂದು ಸಾಬೀತಾದರೆ ಅವನ ಗಾಡಿಯ ರಿಪೇರಿಗೂ ಅವನ ವೈಯಕ್ತಿಕ ಅಪಘಾತ ವಿಮೆಗೂ ವಿಮೆ ಕಂಪನಿ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಮಾಲೀಕ ಚಾಲಕನಿಗೆ ಇರುವ 15 ಲಕ್ಷದ ಆ ವಿಮೆಯೇ ಮನೆಯವರಿಗೆ ಆಧಾರ ಆಗಬೇಕಿತ್ತು. ಎದುರಿನವರಿಗೆ ಕೊಡಬೇಕಾದ ಪರಿಹಾರವನ್ನು ಕಂಪನಿ ಕೊಟ್ಟರೂ, ಆಮೇಲೆ ಅದನ್ನು ಗಾಡಿಯ ಮಾಲೀಕನಿಂದ ವಸೂಲಿ ಮಾಡಬಹುದು. ಅಜಾಗರೂಕತೆಯಿಂದ ಸಾವಿಗೆ ಕಾರಣ ಆದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಅಡಿ 5 ವರ್ಷದವರೆಗೆ ಜೈಲು. ಕುಡಿದು ಓಡಿಸಿದ್ದಕ್ಕೆ ಇನ್ನೂ ಗಂಭೀರ ಕೇಸು ಹಾಕಿದ್ದೂ ಇದೆ.

ಕುಡಿದವರು ಗುದ್ದಿ ನಿಮ್ಮವರು ಹೋಗಿದ್ದರೆ, ಅಪಘಾತ ಆದ 6 ತಿಂಗಳ ಒಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ವರ್ಷಾಂತಿಕ ಮುಗಿಯಲಿ ಎಂದು ಕಾದರೆ ಅವಧಿ ಮುಗಿದಿರುತ್ತದೆ.

ಮೆಹಂದಿ ಇರಲಿ ಇಲ್ಲದಿರಲಿ ದಿನಾ ಕುಡಿಯುವವರು ಮನೆಯಲ್ಲಿದ್ದರೆ ಅದು ಬೇರೆಯೇ ದಾರಿ. ಅವರನ್ನು ಒಮ್ಮೆಲೇ ಬಿಡಿಸಲು ಕೋಣೆಯಲ್ಲಿ ಕೂಡಿಹಾಕಬೇಡಿ. ಬಹಳ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೆ ಅಪಾಯ ಆಗಬಹುದು. ಮೊದಲು ಡಾಕ್ಟರಿಗೆ ತೋರಿಸಿ. 14416 ಟೆಲಿ ಮಾನಸ್‌ಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ನಮ್ಮ ಕಡೆ ಊರೂರಲ್ಲಿ ಆಗುತ್ತವೆ. ನಮ್ಮ ನೆರೆಮನೆಯವರು ಒಬ್ಬರು ಅಲ್ಲಿಗೆ ಹೋಗಿ ಬಂದು ಬಿಟ್ಟಿದ್ದಾರೆ.

ಮರುದಿನ ಬೆಳಿಗ್ಗೆ

ಮದುವೆ ಮನೆಯಲ್ಲಿ ಬೆಳಿಗ್ಗೆ ಐದಕ್ಕೇ ಗಡಿಬಿಡಿ. ಹೂ ತರಬೇಕು, ಭಟ್ಟರನ್ನು ಕರೆತರಬೇಕು, ದಿಬ್ಬಣ ಹೊರಡಬೇಕು. ರಾತ್ರಿ ಹುಷಾರಾಗಿ ಇದ್ದ ಮನೆಯವರೇ ಈಗ ಕೀಗಳನ್ನು ಹಂಚಿಬಿಡುತ್ತಾರೆ. ಒಂದು ನಿಮಿಷ ನಿಂತು ಲೆಕ್ಕ ಹಾಕಿ.

ಒಂದು ಸ್ಮಾಲ್ ಕರಗಲು ದೇಹಕ್ಕೆ ಒಂದು ಗಂಟೆಯಿಂದ ಒಂದೂವರೆ ಗಂಟೆ ಬೇಕು. ರಾತ್ರಿ ಎಂಟಕ್ಕೆ ಶುರುಮಾಡಿ ಒಂದು ಕ್ವಾರ್ಟರ್, ಒಂದು ಸ್ಟ್ರಾಂಗ್ ಬಿಯರ್ ಕುಡಿದವನ ಒಳಗೆ ಹತ್ತು ಸ್ಮಾಲ್ ಹೋಗಿದೆ. ಪೂರ್ತಿ ಇಳಿಯಲು ಹತ್ತರಿಂದ ಹದಿನೈದು ಗಂಟೆ. ಅಂದರೆ ಬೆಳಿಗ್ಗೆ ಆರರಿಂದ ಹನ್ನೊಂದು. ಏಳು ಗಂಟೆಗೆ ಸ್ನಾನ ಮಾಡಿ, ಪಂಚೆ ಉಟ್ಟು, ಗಂಧ ಹಚ್ಚಿಕೊಂಡು ಕೀ ಕೇಳುವ ಅವನು ಇನ್ನೂ ಕುಡಿದೇ ಇರಬಹುದು. ಕಾಫಿ, ನಿಂಬೆ ಶರಬತ್ತು, ಗಂಜಿ, ತಣ್ಣೀರು ಸ್ನಾನ, ಯಾವುದೂ ಇದನ್ನು ಬೇಗ ಮಾಡುವುದಿಲ್ಲ. ಕಾಫಿ ಕುಡಿದರೆ ಎಚ್ಚರ ಇರುತ್ತಾನೆ, ಅಷ್ಟೇ. ಜೊತೆಗೆ ಮೂರು ಗಂಟೆಯ ಅರ್ಧ ನಿದ್ದೆ. ಮಂಗಳೂರಿನ ನಂತೂರು, ಪಂಪ್‌ವೆಲ್ ಕಡೆಯ ಬೆಳಗಿನ ಟ್ರಾಫಿಕ್ಕಿನಲ್ಲಿ ಅಂಥವರನ್ನು ಬಿಡುವ ಹಾಗಿಲ್ಲ. ಕಾರಿನಲ್ಲಿ ಮದುಮಗಳೂ ಇರುತ್ತಾಳೆ.

ಹಾಗಾಗಿ ದಿಬ್ಬಣದ ಕಾರು ಓಡಿಸುವವನು ಹಿಂದಿನ ರಾತ್ರಿ ಪಾರ್ಟಿಗೆ ಬರದವನಾಗಿರಲಿ. ಇಲ್ಲವೇ ಬಾಡಿಗೆ ಡ್ರೈವರ್ ಇರಲಿ. ಕುಡಿದವರೆಲ್ಲ ದಿಬ್ಬಣದ ಬಸ್ಸಿನಲ್ಲಿ ಬರಲಿ.

ನಮ್ಮ ಮನೆಯಲ್ಲಿ ಈಗ ಬೆಳಿಗ್ಗೆಯೂ ಡಬ್ಬಿ ದೊಡ್ಡಮ್ಮನ ಹತ್ತಿರವೇ ಇರುತ್ತದೆ. ಕೀ ಕೇಳಲು ಬಂದವರಿಗೆ ಅವರು ಎರಡೇ ಪ್ರಶ್ನೆ ಕೇಳುತ್ತಾರೆ. ಎಷ್ಟು ಕುಡಿದೆ, ಕೊನೆಯದು ಎಷ್ಟು ಗಂಟೆಗೆ? ಉತ್ತರ ಕೇಳಿ ಬೆರಳು ಮಡಚಿ ಗಂಟೆ ಎಣಿಸುತ್ತಾರೆ. ಸರಿ ಹೋದರೆ ಟೇಪು ಕಿತ್ತು ಕೀ ಕೊಡುತ್ತಾರೆ. ಕಳೆದ ಸಲ ಮದುವೆ ಊಟ ಮುಗಿದ ಮೇಲೂ ಡಬ್ಬಿಯಲ್ಲಿ ಎರಡು ಕೀ ಉಳಿದಿದ್ದವು.